ನೀರಿನಿಂದ ಶುರು ಮಾಡಿ: ಚೆಡ್ವರ್ತ್‌ನ ರೋಮನ್ ತೋಟದ ಮನೆ

ವಿಲ್ಲಾ ಅಂದ ಕೂಡಲೇ ನಿಮ್ಮ ಕಣ್ಣಿಗೆ ಏನು ಬರುತ್ತದೆ? ಊರ ಹೊರಗಿನ ಲೇಔಟು, ದೊಡ್ಡ ಗೇಟು, ಸಾಲಾಗಿ ಒಂದೇ ಥರದ ಮನೆಗಳು, ಪೇಪರಿನ ಇಡೀ ಪುಟ ತುಂಬಿದ ಜಾಹೀರಾತು. ಅಲ್ವಾ? ಈ ಒಂದು ಗಂಟೆ ಆ ಚಿತ್ರವನ್ನು ಪಕ್ಕಕ್ಕಿಡಿ. ರೋಮನ್ನರ ಬಾಯಲ್ಲಿ ವಿಲ್ಲಾ ಅಂದರೆ ಹಳ್ಳಿಗಾಡಿನ ಮನೆ. ಮನೆ ಒಂದೇ ಅಲ್ಲ, ಅದರ ಜೊತೆಗೆ ಹೊಲ, ದನಕರು, ಕಾಳು ತುಂಬಿಡುವ ಜಾಗ, ಆಳುಕಾಳು ಎಲ್ಲ ಸೇರಿ ವಿಲ್ಲಾ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಮಾತು ತೋಟದ ಮನೆ. ನಾನು ಇವತ್ತು ಪೂರ್ತಿ ಹಾಗೇ ಕರೆಯುತ್ತೇನೆ.

ನಾನು ಹೇಳುತ್ತಿರುವ ತೋಟದ ಮನೆ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿದೆ. ಹೆಸರು ಚೆಡ್ವರ್ತ್. ಕಾಟ್ಸ್‌ವೋಲ್ಡ್ಸ್ ಅನ್ನುವ ಗುಡ್ಡಗಳ ನಡುವೆ, ಕೋಲ್ನ್ ಅನ್ನುವ ಸಣ್ಣ ಹೊಳೆಯ ಮೇಲ್ಬದಿಗೆ, ಕಾಡಿನ ಅಂಚಿನಲ್ಲಿ. ನನ್ನ ಮಗಳು ಚೆಲ್ಟನಮ್‌ನಲ್ಲಿದ್ದಾಳೆ, ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ. ಎರಡು ಸಲ ಹೋಗಿಬಂದೆ. ಮೊದಲ ಸಲ ನವೆಂಬರ್ ತಿಂಗಳು. ಸಣ್ಣ ಮಳೆ, ಮಂಜು. ಟಿಕೆಟ್ ತಗೊಂಡು, ಬಾಣದ ಗುರುತು ತೋರಿಸಿದ ಕಡೆಯೆಲ್ಲ ನಡೆದು, ಒಂದು ಗಂಟೆಯಲ್ಲಿ ಹೊರಗೆ ಬಂದೆವು. ಸೊಂಟದೆತ್ತರದ ಗೋಡೆಗಳು, ನಡುವೆ ಹುಲ್ಲು, ಒಂದೆರಡು ಚಂದದ ನೆಲ. ಮನಸ್ಸಿಗೆ ಏನೂ ಅಂಟಲಿಲ್ಲ. ಹಂಪಿ ನೋಡಿ ಬೆಳೆದ ಕಣ್ಣಿಗೆ ಇದು ತೀರಾ ಕಡಿಮೆ ಅನ್ನಿಸಿತು.

ಮುಂದಿನ ಜೂನ್‌ನಲ್ಲಿ ಮತ್ತೆ ಹೋದೆ. ಈ ಸಲ ಬಾಣದ ಗುರುತು ಬಿಟ್ಟೆ. ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿದವಳು ನಾನು. ಯಾವ ಸೈಟಿಗೆ ಹೋದರೂ ನಾವು ಮೊದಲು ಕೇಳುವುದು ಒಂದೇ: ನೀರು ಎಲ್ಲಿಂದ? ಇಲ್ಲೂ ಅದನ್ನೇ ಕೇಳಿಕೊಂಡು ನಡೆದೆ. ಆಗ ಆ ಮನೆ ತಾನಾಗಿ ಎದ್ದು ನಿಂತಿತು. ಅದಕ್ಕೇ ಹೇಳುತ್ತಿದ್ದೇನೆ, ಇಂಥ ಜಾಗಕ್ಕೆ ಹೋದರೆ ನೀರಿನಿಂದ ಶುರು ಮಾಡಿ.

ಮನೆಯ ವಾಯವ್ಯ ಮೂಲೆಯಲ್ಲಿ, ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ, ಗುಡ್ಡದಿಂದ ಒಂದು ಒರತೆ ಬರುತ್ತದೆ. ಅದರ ನೀರನ್ನು ಹಿಡಿಯಲು ಎಂಟು ಮೂಲೆಯ ಕಲ್ಲಿನ ತೊಟ್ಟಿ, ತೊಟ್ಟಿಯ ಹಿಂದೆ ಅರ್ಧ ಚಂದ್ರದ ಹಾಗೆ ಬಾಗಿದ ಗೋಡೆ. ಇದು ಬರೀ ಟ್ಯಾಂಕ್ ಅಲ್ಲ, ಗುಡಿಯೂ ಹೌದು. ನೀರಿನ ದೇವತೆಗಳಿಗೆ ಮಾಡಿದ ಗುಡಿ. ಮನೆಯ ಬಚ್ಚಲಿಗೂ ಅಡುಗೆಗೂ ಇದೇ ನೀರು. ಮುಂದೊಂದು ಕಾಲದಲ್ಲಿ ಈ ತೊಟ್ಟಿಯ ಅಂಚಿನ ಕಲ್ಲಿನ ಮೇಲೆ ಯಾರೋ ಕ್ರಿಸ್ತನ ಗುರುತನ್ನು ಕೆತ್ತಿದ್ದಾರೆ. ಗ್ರೀಕಿನಲ್ಲಿ ಅವನ ಹೆಸರಿನ ಮೊದಲ ಎರಡು ಅಕ್ಷರ, ಒಂದರ ಮೇಲೊಂದು. ದೇವರು ಬದಲಾದರೂ ನೀರಿನ ಜಾಗ ಬದಲಾಗಲಿಲ್ಲ ನೋಡಿ. ನಾವು ಹೋದ ದಿನವೂ ತೊಟ್ಟಿ ತುಂಬಿತ್ತು. ಮೊಮ್ಮಗಳು ಬಗ್ಗಿ ನೋಡಿದಳು. ತಳದಲ್ಲಿ ಜನ ಹಾಕಿದ ಚಿಲ್ಲರೆ ಕಾಸು ಕಾಣುತ್ತಿತ್ತು.

ತೊಟ್ಟಿಯ ಹತ್ತಿರ ನಿಂತು ಕೆಳಗೆ ನೋಡಿದರೆ ಇಡೀ ಮನೆಯ ನಕ್ಷೆ ಕಾಣುತ್ತದೆ. ಪಶ್ಚಿಮಕ್ಕೆ ಒಂದು ಸಾಲು ಕೋಣೆ, ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು. ನಡುವೆ ಅಂಗಳ. ಮನೆ ಮುಖ ಪೂರ್ವಕ್ಕೆ, ಹೊಳೆಯ ಕಡೆಗೆ. ಕೋಣೆಗಳ ಮುಂದೆ ಉದ್ದಕ್ಕೂ ಜಗುಲಿ. ಮೊದಲು, ಅಂದರೆ ಎರಡನೇ ಶತಮಾನದಲ್ಲಿ, ಇವು ಬೇರೆ ಬೇರೆ ಕಟ್ಟಡಗಳಾಗಿದ್ದವು. ಕೈಯಲ್ಲಿ ಹಣ ಓಡಾಡಿದ ಹಾಗೆ ಜಗುಲಿ ಹಾಕಿ ಒಂದಕ್ಕೊಂದು ಸೇರಿಸಿದರು. ನಾಲ್ಕನೇ ಶತಮಾನಕ್ಕೆ ಬರುವಾಗ ಇದು ಆ ಸೀಮೆಯ ದೊಡ್ಡ ಮನೆಗಳಲ್ಲಿ ಒಂದು. ಹದಿಮೂರು ಕಿಲೋಮೀಟರ್ ಆಚೆಗೆ ಇವತ್ತಿನ ಸೈರನ್‌ಸೆಸ್ಟರ್ ಊರಿದೆ. ರೋಮನ್ನರ ಕಾಲದಲ್ಲಿ ಅದು ಕೊರಿನಿಯಮ್, ಬ್ರಿಟನ್ನಿನಲ್ಲಿ ಲಂಡನ್ ಬಿಟ್ಟರೆ ಅತಿ ದೊಡ್ಡ ಊರು. ಪೇಟೆ ಹತ್ತಿರ, ಒಳ್ಳೆಯ ಹೊಲ, ಕುರಿ ಮೇಯಲು ಗುಡ್ಡ. ಮನೆ ಬೆಳೆಯಲು ಇನ್ನೇನು ಬೇಕು? ಒಡೆಯರು ರೋಮಿನಿಂದ ಬಂದವರು ಅಂತ ಅಂದುಕೊಳ್ಳಬೇಡಿ. ಇಂಥ ಮನೆಗಳ ಯಜಮಾನರು ಬಹುಪಾಲು ಅಲ್ಲಿನ ಜನವೇ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬಂದ ಮೇಲೆ ತಲೆಮಾರು ಕಳೆದ ಹಾಗೆ ರೋಮನ್ನರ ಹಾಗೆ ಉಣ್ಣಲು, ಉಡಲು, ಕಟ್ಟಲು ಕಲಿತವರು.

ನೀರಾಯಿತು, ಈಗ ಬೆಂಕಿ.

ಅಲ್ಲಿನ ಚಳಿ ನಿಮಗೆ ಗೊತ್ತಿರಬಹುದು. ರೋಮನ್ನರು ಚಳಿಗೆ ಕಂಡುಕೊಂಡ ಉಪಾಯ ನೆಲವನ್ನೇ ಬಿಸಿ ಮಾಡುವುದು. ಇದಕ್ಕೆ ಹೈಪೊಕಾಸ್ಟ್ ಅನ್ನುತ್ತಾರೆ. ಮೊಣಕಾಲೆತ್ತರದ ಗಿಡ್ಡ ಕಂಬಗಳನ್ನು ಅಡಿಗೊಂದರ ಹಾಗೆ ಸಾಲಾಗಿ ನಿಲ್ಲಿಸಿ, ಅದರ ಮೇಲೆ ಹಾಸು ಹಾಕಿ, ಹಾಸಿನ ಮೇಲೆ ದಪ್ಪಗೆ ಗಾರೆ, ಗಾರೆಯ ಮೇಲೆ ನೆಲ. ಕೆಳಗೆ ಪೂರ್ತಿ ಟೊಳ್ಳು. ಮನೆಯ ಹೊರಗೋಡೆಯಲ್ಲಿ ಒಂದು ಒಲೆಯ ಬಾಯಿ. ಹೊರಗಡೆ ನಿಂತು ಅಲ್ಲಿ ಬೆಂಕಿ ಹಾಕುತ್ತಾರೆ. ಬಿಸಿ ಗಾಳಿ, ಹೊಗೆ ಎರಡೂ ನೆಲದಡಿಯಲ್ಲಿ ಹರಿದು, ಗೋಡೆಯೊಳಗೆ ಕೂರಿಸಿದ ಟೊಳ್ಳು ಹೆಂಚುಗಳ ಮೂಲಕ ಮೇಲಕ್ಕೆ ಹೋಗುತ್ತದೆ. ನೆಲ ಬಿಸಿ, ಗೋಡೆಯೂ ಬಿಸಿ, ಒಳಗೆ ಹೊಗೆ ಇಲ್ಲ.

ಮಲೆನಾಡಿನವರು ಯಾರಾದರೂ ಇದ್ದರೆ ಇಷ್ಟರಲ್ಲಿ ನಿಮಗೆ ಬಚ್ಚಲೊಲೆ ನೆನಪಾಗಿರಬೇಕು. ಸಾಗರದ ಹತ್ತಿರ ನಮ್ಮ ಮನೆಯಲ್ಲೂ ಹಾಗೇ. ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ. ಉರಿ ಹಾಕುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ಐದೂವರೆಗೆ ಎದ್ದು, ಅಡಿಕೆ ಹಾಳೆ, ತೆಂಗಿನ ಮಟ್ಟೆ ತುರುಕಿ, ಊದಿ ಊದಿ ಕಣ್ಣು ಕೆಂಪು. ಮಳೆಗಾಲದಲ್ಲಿ ಸೌದೆ ಹಸಿ, ಹೊಗೆಯೆಲ್ಲ ಮುಖಕ್ಕೆ. ಒಳಗಿನಿಂದ ದೊಡ್ಡಪ್ಪ "ನೀರು ಬಿಸಿ ಆಗ್ಲಿಲ್ವೇನೇ?" ಅಂತ ಕೂಗುವುದು. ಹೊರಗೆ ಕೂತವಳ ಚಳಿ ಒಳಗಿನವರಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಚೆಡ್ವರ್ತ್‌ನಲ್ಲಿ ನಾನು ಊಟದ ಕೋಣೆಗಿಂತ ಮೊದಲು ಒಲೆಯ ಬಾಯಿ ಹುಡುಕಿದೆ. ಪಶ್ಚಿಮದ ಸಾಲಿನಲ್ಲಿ ನೆಲ ಒಡೆದ ಕಡೆ ಗಿಡ್ಡ ಕಂಬಗಳು ಹಾಗೇ ನಿಂತಿವೆ. ಇಷ್ಟು ದಪ್ಪದ ನೆಲ ಅಂದರೆ ಒಮ್ಮೆ ತಣ್ಣಗಾದರೆ ಮತ್ತೆ ಕಾಯಲು ಒಂದೆರಡು ದಿನವಾದರೂ ಬೇಕು. ಅಂದರೆ ಚಳಿಗಾಲದಲ್ಲಿ ಬೆಂಕಿ ಆರಲು ಬಿಡುವ ಹಾಗಿಲ್ಲ. ಹಗಲೂ ರಾತ್ರಿ ಯಾರಾದರೂ ಹೊರಗೆ ಕೂತಿರಲೇಬೇಕು. ಅಂಥ ಕೆಲಸ ಗುಲಾಮರದು. ಕಾಡಿನಿಂದ ಸೌದೆ ತರುವುದು, ಸೀಳುವುದು, ಒಲೆಯ ಬೂದಿ ತೆಗೆಯುವುದು, ಮತ್ತೆ ತುಂಬುವುದು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಹೋದವರು ಒಂದು ಐದು ನಿಮಿಷ ಆ ಒಲೆಯ ಬಾಯಿಯ ಹೊರಬದಿಯಲ್ಲಿ ನಿಲ್ಲಿ ಅಂತ ನಾನು ಕೇಳಿಕೊಳ್ಳುತ್ತೇನೆ. ಅಲ್ಲಿಂದ ಆ ಮನೆ ಬೇರೆಯೇ ಕಾಣುತ್ತದೆ.

ಬಚ್ಚಲ ಮನೆ ಒಂದಲ್ಲ, ಎರಡು. ಪಶ್ಚಿಮದ್ದು ಹಬೆಯದು. ಬಟ್ಟೆ ಬಿಚ್ಚುವ ಕೋಣೆ, ಬೆಚ್ಚಗಿನ ಕೋಣೆ, ಸುಡುವ ಕೋಣೆ, ಕೊನೆಗೆ ತಣ್ಣೀರಿನ ತೊಟ್ಟಿಗೆ ಇಳಿಯುವುದು. ಉತ್ತರದ್ದನ್ನು ಒಣ ಬಿಸಿಯದಾಗಿ ಮಾಡಿಕೊಂಡಿದ್ದರು. ಒಂದೇ ಮನೆಗೆ ಎರಡು ಥರದ ಬಚ್ಚಲು ಅಂದರೆ ಸೌದೆ ಎಷ್ಟು ಸುಟ್ಟಿರಬೇಕು, ಲೆಕ್ಕ ಹಾಕಿ.

ಈಗ ಊಟದ ಕೋಣೆ. ಜನ ನೋಡಲು ಬರುವುದೇ ಇದನ್ನು. 2012ರಿಂದ ಇದರ ಮೇಲೆ ಹೊಸ ಛಾವಣಿ ಇದೆ. ನೆಲಕ್ಕೆ ತಾಗದ ಹಾಗೆ ತೂಗುಹಾಕಿದ ಕಾಲುದಾರಿಯ ಮೇಲೆ ನಿಂತು ಕೆಳಗೆ ನೋಡಬಹುದು. ಕೆಳಗಿರುವುದು ಮೊಸಾಯಿಕ್ ನೆಲ.

ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಮೊಸಾಯಿಕ್ ಅಂದರೆ ಸಿಮೆಂಟಿನಲ್ಲಿ ಕಲ್ಲಿನ ಚೂರು ಬೆರೆಸಿ, ಮಿಷನ್ ಹಾಕಿ ಪಾಲಿಷ್ ಮಾಡಿದ ಚುಕ್ಕಿ ಚುಕ್ಕಿ ನೆಲ. ಎಂಬತ್ತರ ದಶಕದ ಮನೆಗಳಲ್ಲೆಲ್ಲ ಇತ್ತು. ಇದು ಅದಲ್ಲ. ಇಲ್ಲಿ ಒಂದೊಂದು ಕಲ್ಲನ್ನೂ ಬೆರಳ ಉಗುರಿನಷ್ಟು ಚೌಕವಾಗಿ ಕಡಿದು, ಹಸಿ ಗಾರೆಯ ಮೇಲೆ ಕೈಯಿಂದ ಕೂರಿಸಿ ಚಿತ್ರ ಬರೆದಿದ್ದಾರೆ. ಬಣ್ಣವನ್ನು ದೂರದಿಂದ ತರಿಸಿಲ್ಲ. ಬಿಳಿ ಬೇಕಾದರೆ ಸುಣ್ಣಕಲ್ಲು, ಬೂದು ನೀಲಿಗೆ ಇನ್ನೊಂದು ಥರದ ಕಲ್ಲು, ಕೆಂಪಿಗೆ ಒಡೆದ ಹೆಂಚು. ಕೆಳಗಿನ ಗಾರೆಯೂ ನೋಡುವಂಥದ್ದು. ಸುಣ್ಣಕ್ಕೆ ಹೆಂಚಿನ ಪುಡಿ ಬೆರೆಸಿದ ಗಾರೆ, ನೀರಿಗೆ ಜಗ್ಗುವುದಿಲ್ಲ. ನಾವು ಅದನ್ನು ಸುರ್ಕಿ ಗಾರೆ ಅನ್ನುತ್ತೇವೆ. ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವುದೂ ಸುರ್ಕಿ ಗಾರೆಯ ಮೇಲೆಯೇ. ನಾನು ಆ ನೆಲದ ಒಡೆದ ಅಂಚಿನಲ್ಲಿ ಗುಲಾಬಿ ಬಣ್ಣದ ಆ ಗಾರೆ ಕಂಡು ತುಂಬಾ ಹೊತ್ತು ನಿಂತುಬಿಟ್ಟೆ. ಮಗಳು ಮುಂದೆ ಹೋಗಿ, ಮತ್ತೆ ವಾಪಸ್ ಬಂದು ಕರೆಯಬೇಕಾಯಿತು.

ಚಿತ್ರದ ನಾಲ್ಕು ಮೂಲೆಗೆ ನಾಲ್ಕು ಋತು. ಮೂರು ಉಳಿದಿವೆ, ಶರತ್ಕಾಲ ಹೋಗಿದೆ. ವಸಂತ, ಬೇಸಿಗೆ ಎರಡೂ ಮಕ್ಕಳ ರೂಪದಲ್ಲಿವೆ, ಮೈಮೇಲೆ ಬಟ್ಟೆಯೇ ಹೆಚ್ಚಿಲ್ಲ. ಇಟಲಿಯ ಬಿಸಿಲಿಗೆ ಒಪ್ಪುವ ಮಕ್ಕಳು. ಚಳಿಗಾಲ ಮಾತ್ರ ಬೇರೆ. ತಲೆ ಮುಚ್ಚುವ ಟೋಪಿ ಇರುವ ದಪ್ಪ ಮೇಲಂಗಿ, ಕಾಲಿಗೂ ಬಟ್ಟೆ ಸುತ್ತಿದೆ. ಒಂದು ಕೈಯಲ್ಲಿ ಎಲೆ ಉದುರಿದ ಕೊಂಬೆ, ಇನ್ನೊಂದು ಕೈಯಲ್ಲಿ ಬೇಟೆಯಾಡಿದ ಮೊಲ. ಗಾಳಿಗೆ ಅಂಗಿ ಹಿಂದಕ್ಕೆ ಹಾರುತ್ತಿದೆ. ನವೆಂಬರಿನಲ್ಲಿ ಅಲ್ಲಿ ನಡುಗಿದವರಿಗೆ ಈ ಮನುಷ್ಯ ಅಲ್ಲಿಯವನೇ ಅಂತ ತಟ್ಟನೆ ಗೊತ್ತಾಗುತ್ತದೆ. ಈ ಅಂಗಿಗೆ ಹೆಸರೂ ಇದೆ: ಬಿರ್ರಸ್ ಬ್ರಿಟಾನಿಕಸ್, ಅಂದರೆ ಬ್ರಿಟನ್ನಿನ ಕಂಬಳಿ ಅಂಗಿ. ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಇಡೀ ಸಾಮ್ರಾಜ್ಯಕ್ಕೆ ವಸ್ತುಗಳ ಗರಿಷ್ಠ ಬೆಲೆ ಗೊತ್ತುಮಾಡಿ ಆಜ್ಞೆ ಹೊರಡಿಸಿದ. ಆ ಪಟ್ಟಿಯಲ್ಲಿ ಬ್ರಿಟನ್ನಿನ ಈ ಅಂಗಿಯೂ ಇದೆ. ನಮ್ಮ ಕಡೆ ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದರಲ್ಲ, ನನಗೆ ನೆನಪಾದದ್ದು ಅದು. ಮಾಡಿದವನು ಮಾದರಿ ಪುಸ್ತಕ ಮುಚ್ಚಿಟ್ಟು, ಕಿಟಕಿಯ ಹೊರಗೆ ನೋಡಿ ಮಾಡಿದ ಹಾಗಿದೆ ಆ ಒಂದು ಮೂಲೆ. ಇಡೀ ಚೆಡ್ವರ್ತ್‌ನಲ್ಲಿ ನನಗೆ ಅತಿ ಇಷ್ಟವಾದ ಚಿತ್ರ ಅದೇ.

ಊಟದ ಕೋಣೆ ಅಂದಮೇಲೆ ಊಟದ ಮಾತೂ ಬರಬೇಕು. ಕಾಳುಮೆಣಸು ಆ ಕಾಲದಲ್ಲಿ ಬ್ರಿಟನ್ನಿನವರೆಗೂ ಹೋಗಿತ್ತು. 1992ರಲ್ಲಿ ಸಫೋಕ್‌ನ ಹಾಕ್ಸ್ನ್ ಅನ್ನುವ ಹಳ್ಳಿಯಲ್ಲಿ ಹೂತಿಟ್ಟ ನಿಧಿ ಸಿಕ್ಕಿತು. ಅದರಲ್ಲಿ ಬೆಳ್ಳಿಯ ಮೆಣಸಿನ ಡಬ್ಬಿಗಳಿದ್ದವು. ಒಂದಂತೂ ಒಡವೆ ತೊಟ್ಟ ಹೆಂಗಸಿನ ಆಕಾರದ್ದು. ಮೆಣಸು ಹೋದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಮುಖ್ಯವಾಗಿ ಕೇರಳದ ಬಂದರುಗಳಿಂದ. ಅಲ್ಲಿಂದ ಹಣ ಇತ್ತ ಬಂತು. 1891ರಲ್ಲಿ ನಮ್ಮ ಯಶವಂತಪುರದ ಹತ್ತಿರ ರೈಲು ದಾರಿಗೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ಚೆಡ್ವರ್ತ್‌ಗೂ ದೂರದ ಸಾಮಾನು ಬರುತ್ತಿತ್ತು. ಇತ್ತೀಚಿನ ಅಗೆತದಲ್ಲಿ ಸಿಕ್ಕ ಒಂದು ಗಾಜಿನ ಚೂರು ಮೀನಿನ ಆಕಾರದ ಸೀಸೆಯದು, ಕಪ್ಪು ಸಮುದ್ರದ ಕಡೆಯಿಂದ ಬಂದದ್ದು. ಅಷ್ಟು ದೂರದಿಂದ ಒಂದು ಗಾಜಿನ ಸೀಸೆ ಒಡೆಯದೆ ಬಂತು ಅಂದರೆ ದಾರಿಗಳು ಎಷ್ಟು ಚೆನ್ನಾಗಿದ್ದಿರಬೇಕು.

ಈ ಮನೆ ಮತ್ತೆ ಬೆಳಕಿಗೆ ಬಂದದ್ದು 1864ರಲ್ಲಿ. ಬೇಟೆಕಾಡಿನ ಕಾವಲುಗಾರನೊಬ್ಬ ಬಿಲದಲ್ಲಿ ಕಳೆದುಹೋದ ಫೆರೆಟ್ ಹುಡುಕಲು ಮಣ್ಣು ತೋಡಿದಾಗ ಬಣ್ಣದ ಕಲ್ಲಿನ ಚೂರು ಸಿಕ್ಕವು ಅಂತ ಕತೆ ಹೇಳುತ್ತಾರೆ. ಫೆರೆಟ್ ಅಂದರೆ ಮೊಲ ಹಿಡಿಯಲು ಸಾಕುವ, ಮುಂಗುಸಿಯ ಹಾಗೆ ಉದ್ದ ಮೈಯ ಪ್ರಾಣಿ. ಜಮೀನು ಲಾರ್ಡ್ ಎಲ್ಡನ್‌ನದು. ಅವನ ಚಿಕ್ಕ ವಯಸ್ಸಿನಲ್ಲಿ ಆಸ್ತಿ ನೋಡಿಕೊಂಡಿದ್ದ ಜೇಮ್ಸ್ ಫ್ಯಾರರ್ ಕೂಲಿಯವರನ್ನು ಇಟ್ಟು ಎರಡೇ ವರ್ಷದಲ್ಲಿ ಹೆಚ್ಚಿನ ಭಾಗ ಅಗೆಸಿಬಿಟ್ಟ. ಅವಸರದಲ್ಲಿ ಎಷ್ಟೋ ಮಣ್ಣಿನ ಪದರಗಳು, ಅದರೊಳಗಿನ ಸುಳಿವುಗಳು ಹೋದವು. ನನಗೆ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಅದೇ ಜನ ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು. ಮಳೆ, ಹಿಮಕ್ಕೆ ಕರಗದ ಹಾಗೆ ಗೋಡೆಗಳ ತಲೆಗೆ ಕಲ್ಲು ಹಂಚಿನ ಪುಟ್ಟ ಮಾಡು ಹಾಕಿದರು. ನಮ್ಮಲ್ಲಿ ಮಣ್ಣಿನ ಪಾಗಾರದ ಮೇಲೆ ಸೋಗೆಯೋ ಹಂಚೋ ಹೊದಿಸುತ್ತಾರಲ್ಲ, ಹಾಗೆ. ಗೋಡೆ ಇಷ್ಟಾದರೂ ಉಳಿದದ್ದು ಅದರಿಂದ. 1924ರಲ್ಲಿ ಜನ ಹಣ ಕೂಡಿಸಿ ಜಾಗವನ್ನು ಕೊಂಡರು. ಹಳೆಯ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಗೆ ಅದು ಬಂತು.

ಕೊನೆಗೆ ನಾನು ಹೇಳಬೇಕೆಂದೇ ಬಂದ ವಿಷಯ. 28ನೇ ಕೋಣೆ.

ಶಾಲೆಯಲ್ಲಿ ಓದಿದ್ದೀರಿ, ಕ್ರಿ.ಶ. 410ರ ಹೊತ್ತಿಗೆ ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಮುಗಿಯಿತು. ಸೈನ್ಯ ಹೋಯಿತು, ಹೊಸ ನಾಣ್ಯ ಬರುವುದು ನಿಂತಿತು, ಪೇಟೆಗಳು ಖಾಲಿಯಾದವು, ದೊಡ್ಡ ದೊಡ್ಡ ಮಡಕೆ ಕಾರ್ಖಾನೆಗಳು ಮುಚ್ಚಿದವು. ತೋಟದ ಮನೆಗಳೂ ಅಲ್ಲಿಗೆ ಹಾಳುಬಿದ್ದವು ಅಂತಲೇ ಎಲ್ಲರೂ ನಂಬಿದ್ದರು. ಉತ್ತರದ ಸಾಲಿನಲ್ಲಿರುವ 28ನೇ ಕೋಣೆಯಲ್ಲಿ 2017ರಲ್ಲಿ ಅಗೆದಾಗ ಒಂದು ಮೊಸಾಯಿಕ್ ನೆಲ ಸಿಕ್ಕಿತು. ದೊಡ್ಡ ಕೋಣೆಯೊಂದಕ್ಕೆ ಅಡ್ಡಗೋಡೆ ಹಾಕಿ, ಆ ಹೊಸ ಕೋಣೆಯ ಅಳತೆಗೆ ಸರಿಯಾಗಿ ಹಾಕಿದ ನೆಲ ಅದು. ಅಡ್ಡಗೋಡೆಯ ಪಾಯದಲ್ಲಿ ಇದ್ದಿಲು, ಮೂಳೆ ಸಿಕ್ಕವು. ಅವುಗಳನ್ನು ರೇಡಿಯೋಕಾರ್ಬನ್ ಪರೀಕ್ಷೆಗೆ ಕಳಿಸಿದರು. ಮರ, ಮೂಳೆಯಂಥ ವಸ್ತು ಎಷ್ಟು ಹಳೆಯದು ಅಂತ ಹೇಳುವ ಪರೀಕ್ಷೆ ಅದು. 2020ರ ಡಿಸೆಂಬರಿನಲ್ಲಿ ವಿಷಯ ಹೊರಗೆ ಬಂತು. ಗೋಡೆ ಕಟ್ಟಿದ್ದು 424ರ ನಂತರ.

ಇದರ ತರ್ಕ ಸುಲಭ. ನಿಮ್ಮ ಮನೆಯ ಪಾಯದೊಳಗೆ 2011ರ ನಾಣ್ಯ ಸಿಕ್ಕಿದರೆ ಮನೆ 2011ಕ್ಕಿಂತ ಮುಂಚಿನದಾಗಲು ಸಾಧ್ಯವೇ ಇಲ್ಲ. ಇಲ್ಲೂ ಹಾಗೇ. ಇದ್ದಿಲಿನ ಮೇಲೆ ಗೋಡೆ, ಗೋಡೆಗೆ ತಾಗಿ ನೆಲ. ಹಾಗಾದರೆ ನೆಲ ಐದನೇ ಶತಮಾನದ್ದು, ಬಹುಶಃ ನಡುಭಾಗದ್ದು. ಬ್ರಿಟನ್ನಿನಲ್ಲಿ ಅಷ್ಟು ಈಚಿನ ಮೊಸಾಯಿಕ್ ಇದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಅಗೆತ ನಡೆಸಿದ ಮಾರ್ಟಿನ್ ಪ್ಯಾಪ್‌ವರ್ತ್ ತಂಡಕ್ಕೂ ಇದು ಅಚ್ಚರಿಯೇ.

ನಿಧಾನವಾಗಿ ಯೋಚನೆ ಮಾಡಿ. ಚಕ್ರವರ್ತಿಯ ಆಳುಗಳು ಹೋಗಿ ಒಂದು ತಲೆಮಾರು ಕಳೆದಿದೆ. ಅಂಥ ಹೊತ್ತಿನಲ್ಲಿ ಈ ಮನೆಯವರು ಒಂದು ಕೋಣೆ ಸರಿಮಾಡಿಸಲು ಹೊರಟಿದ್ದಾರೆ. ಸುಣ್ಣ ಬೇಯಿಸಿದ್ದಾರೆ, ಹೆಂಚು ಕುಟ್ಟಿದ್ದಾರೆ, ಕಲ್ಲು ಕಡಿದಿದ್ದಾರೆ. ಅಂಚಿಗೆ ಸುತ್ತಲೂ ವೃತ್ತಗಳು, ಒಂದರಲ್ಲಿ ಹೂವು, ಇನ್ನೊಂದರಲ್ಲಿ ಗಂಟು. ಊಟದ ಕೋಣೆಯ ನೆಲದಷ್ಟು ನಾಜೂಕಿಲ್ಲ. ತಪ್ಪುಗಳೂ ಇವೆ. ನನಗೆ ಆ ತಪ್ಪುಗಳ ಮೇಲೇ ಜಾಸ್ತಿ ಪ್ರೀತಿ. ನಮ್ಮ ಮನೆಯ ನಡುಮನೆಗೆ ಕೆಂಪು ಗಾರೆ ನೆಲ ಹಾಕಿದವರು ಒಬ್ಬ ಹಿರಿಯ ಮೇಸ್ತ್ರಿ. ಅವರು ಹೋದ ಮೇಲೆ ಕೈಸಾಲೆಗೆ ಅವರ ಮಗ ಹಾಕಿದ. ಅಂಚಿನ ಕಪ್ಪು ಗೆರೆ ಒಂದು ಕಡೆ ಸ್ವಲ್ಪ ಸೊಟ್ಟ. ಅಮ್ಮ ಒಂದು ಮಾತೂ ಆಡಲಿಲ್ಲ. ನೆಲ ಹಸಿ ಇದ್ದ ಆ ನಾಲ್ಕು ದಿನ ಬಾಗಿಲಿಗೆ ಅಡ್ಡ ಮಣೆ ಇಟ್ಟು ಕಾವಲು ಕೂತರು, ನಾವು ಮಕ್ಕಳು ಓಡಿಬಂದರೆ "ಹಸಿ ನೆಲ, ತುಳಿಬೇಡಿ" ಅಂತ. ಚೆಡ್ವರ್ತ್‌ನ ಆ ಕೆಲಸಗಾರನಿಗೂ ಕಲಿಸಿದವರು ಆಗಲೇ ಹೋಗಿದ್ದರೋ ಏನೋ. ಆದರೂ ನೂಲು ಹಿಡಿದು ಶುರು ಮಾಡಿದ್ದಾನೆ.

ಆ ನೆಲವನ್ನು ನೀವು ನೋಡಲಾಗುವುದಿಲ್ಲ. ಹಾಳಾಗಬಾರದು ಅಂತ ಮತ್ತೆ ಮಣ್ಣು ಮುಚ್ಚಿದ್ದಾರೆ. ಜೂನ್‌ನಲ್ಲಿ ನಾವು ಹೋದಾಗ ಹಿಂದಿನ ರಾತ್ರಿ ಮಳೆಯಾಗಿತ್ತು. ಗೋಡೆಯ ಬುಡದಲ್ಲಿ ದೊಡ್ಡ ದೊಡ್ಡ ಬಸವನಹುಳುಗಳು ಹೊರಟಿದ್ದವು, ಒಂದೊಂದೂ ನಿಂಬೆಹಣ್ಣಿನ ಗಾತ್ರ. ರೋಮನ್ನರು ತಿನ್ನಲು ತಂದು ಸಾಕಿದ ಜಾತಿಯವು ಅನ್ನುತ್ತಾರೆ. ಈಗ ಅವುಗಳನ್ನು ಹಿಡಿಯುವುದು ಕಾನೂನಿಗೆ ವಿರುದ್ಧ. ಮೊಮ್ಮಗಳು ಒಂದರ ಹಿಂದೆ ಹೋಗುತ್ತಾ ಹೋಗುತ್ತಾ ಹುಲ್ಲಿನ ಅಂಚಿಗೆ ಬಂದಳು.

"ಅಜ್ಜಿ, ಇಲ್ಲೇನೂ ಇಲ್ವಲ್ಲ, ಬರೀ ಹುಲ್ಲು."

ಅದರ ಕೆಳಗೆ ನೆಲ ಇದೆ ಅಂದೆ. ಯಾರು ಹಾಕಿದ್ದು, ಯಾವಾಗ, ಏನು ಚಿತ್ರ, ಎಲ್ಲ ಹೇಳಿದೆ. ನಮ್ಮ ಕೈಸಾಲೆಯ ಸೊಟ್ಟ ಗೆರೆ, ಅಡ್ಡ ಇಟ್ಟ ಮಣೆ, ಅದನ್ನೂ ಹೇಳಿದೆ. ಅವಳು ಸುಮ್ನೆ ಕೇಳಿಸಿಕೊಂಡಳು. ಆಚೆ ಬದಿಗೆ ಹೋಗಲು ಹುಲ್ಲಿನ ಮೇಲೇ ಹತ್ತು ಹೆಜ್ಜೆ ಸಾಕಿತ್ತು. ಅವಳು ಗೋಡೆಯ ಅಂಚು ಹಿಡಿದುಕೊಂಡು, ತುದಿಗಾಲಲ್ಲಿ, ಪೂರ್ತಿ ಸುತ್ತು ಹಾಕಿ ಹೋದಳು.